ಫುಲ್ ಸಸ್ಪೆನ್ಶನ್ ಸೈಕಲ್: ಅಂಗಡಿ ಮುಂದೆ ಎರಡು ಸುತ್ತು ಹೊಡೆದು ಲಕ್ಷಗಟ್ಟಲೆ ಕೊಡೋದು ಹೇಗೆ? (ಮೈಸೂರು)

ಲಿಂಗಾಂಬುಧಿ_ಸವಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಓದಿ ಹೇಳಿ.

ಮೈಸೂರಿನವಳು, ಕಾಲೇಜಿನಲ್ಲಿ ಪಾಠ ಮಾಡ್ತೀನಿ. ವಯಸ್ಸು 43, ಎತ್ತರ 160 ಸೆಂ.ಮೀ., ತೂಕ 58 ಕೆ.ಜಿ. ಆರು ವರ್ಷದಿಂದ ಒಂದೇ ಹಾರ್ಡ್‌ಟೇಲ್ ಓಡಿಸ್ತಿದೀನಿ, ಮುಂದೆ ಮಾತ್ರ ಶಾಕ್ ಇರೋದು. ವಾರದಲ್ಲಿ ಎರಡು ದಿನ ತಾವರೆಕಟ್ಟೆ ಕಡೆಯಿಂದ ಚಾಮುಂಡಿ ಬೆಟ್ಟ ಹತ್ತಿ ಉತ್ತನಹಳ್ಳಿ ಕಡೆಗೆ ಇಳೀತೀನಿ. ಅದು ಟಾರು ರಸ್ತೆ, ಅಲ್ಲಿ ಏನೂ ತೊಂದರೆ ಇಲ್ಲ. ಭಾನುವಾರ ಮಾತ್ರ ರಿಂಗ್ ರೋಡ್ ದಾಟಿ ಮಣ್ಣುದಾರಿ: ಕೆರೆ ಏರಿ, ಹೊಲದ ಗಾಡಿ ಜಾಡು, ಕಲ್ಲು ಎದ್ದಿರೋ ಗೋಮಾಳ. 20 ಕಿ.ಮೀ. ದಾಟಿದ ಮೇಲೆ ಸೊಂಟ ಹಿಡ್ಕೊಳ್ಳುತ್ತೆ. ಮನೆಗೆ ಬಂದು ಒಂದು ಗಂಟೆ ಗೋಡೆಗೆ ಒರಗಿ ಕೂತ್ಕೋಬೇಕು. ಆ ದಾರಿಗಳು ನನಗೆ ಪ್ರಾಣ, ಬಿಡೋಕೆ ಮನಸ್ಸಿಲ್ಲ. ಅದಕ್ಕೇ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಶನ್ ಇರೋದು ತಗೋಳೋಣ ಅಂತ.

ಕಳೆದ ವಾರ ಒಂದು ಅಂಗಡಿಗೆ ಹೋಗಿದ್ದೆ. ಸೀಟನ್ನ ಅಂಗೈಲಿ ಅದುಮಿ ‘ನೋಡಿ ಮೇಡಂ, ಎಷ್ಟು ಮೆತ್ತಗಿದೆ’ ಅಂದ್ರು. ಅಂಗಡಿ ಮುಂದಿನ ರಸ್ತೆಯಲ್ಲಿ ಎರಡು ಸುತ್ತು ಹೊಡೆದೆ. ಅಲ್ಲಿದ್ದದ್ದು ಒಂದೇ ಹಂಪ್. ಅದರ ಮೇಲೆ ಹೋದಾಗ ನನ್ನ ಹಳೇ ಸೈಕಲ್ಲಿಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕೇಳಿದ್ರೆ ‘ಹೊಸದು ಮೇಡಂ, ಓಡಿಸ್ತಾ ಓಡಿಸ್ತಾ ಸಡಿಲ ಆಗುತ್ತೆ’ ಅಂದ್ರು. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡೋ ದೂರ) ಮುಂದೆ ಹಿಂದೆ 130 ಮಿ.ಮೀ., 29 ಇಂಚಿನ ಚಕ್ರ. ಬೆಲೆ ಲಕ್ಷದ ಮೇಲೆ ಚೆನ್ನಾಗೇ ಇದೆ, ಎರಡು ವರ್ಷ ಕೂಡಿಟ್ಟ ದುಡ್ಡು. ಗಟ್ಟಿಯಾಗಿ ಕೇಳಿದ ಮೇಲೆ, ಅಡ್ವಾನ್ಸ್ ಇಟ್ಟರೆ ಶನಿವಾರ ಅರ್ಧ ದಿನ ಕೊಡ್ತೀವಿ ಅಂದಿದ್ದಾರೆ.

ಅರ್ಧ ದಿನ ಕೈಗೆ ಸಿಕ್ಕರೆ ಏನು ನೋಡಬೇಕು? ಎಲ್ಲಿಗೆ ಒಯ್ಯಬೇಕು? ಆ ಮೆತ್ತಗಿರೋದು ನನಗೆ ಯಾಕೆ ಸಿಗಲಿಲ್ಲ?

ಸ್ಪ್ಯಾನರ್_ಕೈ

ಮೇಡಂ, ಸೈಕಲ್ ರಿಪೇರಿ ನನ್ನ ಕಸುಬು, ಹದಿನಾಲ್ಕು ವರ್ಷ ಆಯ್ತು. ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ. ಆ ಸೈಕಲ್ಲಿನ ಶಾಕ್‌ನಲ್ಲಿ ನಿಮ್ಮ ತೂಕಕ್ಕೆ ತಕ್ಕ ಗಾಳಿ ಇರಲಿಲ್ಲ, ಅಷ್ಟೇ. ಸಡಿಲ ಆಗುತ್ತೆ ಅನ್ನೋ ಮಾತು ಪೂರ್ತಿ ಸುಳ್ಳಲ್ಲ. ಹೊಸ ಸೀಲು ಮೊದಲ ಕೆಲವು ಗಂಟೆ ಬಿಗಿಯಾಗೇ ಇರುತ್ತೆ. ಆದರೆ 85 ಕೆ.ಜಿ. ಆಳಿಗೆ ಗಾಳಿ ತುಂಬಿದ ಶಾಕು 58 ಕೆ.ಜಿ.ಯವರಿಗೆ ಎಷ್ಟು ವರ್ಷ ಓಡಿಸಿದ್ರೂ ಮೆತ್ತಗಾಗಲ್ಲ.

ಇದಕ್ಕೆ ಸ್ಯಾಗ್ ಅಂತಾರೆ. ನೀವು ಸುಮ್ಮನೆ ಹತ್ತಿ ಕೂತಾಗ ಶಾಕು ಎಷ್ಟು ತಗ್ಗುತ್ತೆ ಅನ್ನೋ ಲೆಕ್ಕ. ಟ್ರೈಲ್ ಸೈಕಲ್ಲಿಗೆ, ಅಂದ್ರೆ ಇಂಥ ಮಣ್ಣುದಾರಿ ಸೈಕಲ್ಲಿಗೆ, ಶಾಕಿನ ಒಟ್ಟು ಆಟದಲ್ಲಿ ಹಿಂದೆ 25ರಿಂದ 30 ಪರ್ಸೆಂಟ್, ಮುಂದಿನ ಫೋರ್ಕಿಗೆ (ಮುಂದಿನ ಶಾಕಿಗೆ) 20ರ ಆಸುಪಾಸು. ಚಕ್ರ ಬರೀ ದಿಣ್ಣೆ ಹತ್ತೋದಲ್ಲ, ಗುಂಡಿಗೂ ಇಳೀಬೇಕು. ತಗ್ಗಿರೋ ಶಾಕು ಮಾತ್ರ ಗುಂಡಿ ಬಂದಾಗ ಕೆಳಗೆ ಚಾಚುತ್ತೆ. ಸ್ಯಾಗ್ ಇಲ್ಲದ ಸೈಕಲ್ ಗುಂಡಿಯ ಮೇಲೆ ಹಾರಿ ಆ ಕಡೆ ಅಂಚಿಗೆ ಗುದ್ದುತ್ತೆ. ಆ ಗುದ್ದೇ ಸೊಂಟಕ್ಕೆ ಬರೋದು.

ಶನಿವಾರ ಅಂಗಡಿ ಬಿಡೋ ಮುಂಚೆ ಅವರ ಕೈಯಲ್ಲೇ ಇದನ್ನ ಮಾಡಿಸಿ. ಹೆಲ್ಮೆಟ್ಟು, ಬೂಟು, ನೀರು ತುಂಬಿದ ಬ್ಯಾಗು, ಓಡಿಸುವಾಗ ಏನೇನು ಇರುತ್ತೋ ಎಲ್ಲಾ ಹಾಕ್ಕೊಂಡೇ ಹೋಗಿ. ಅದೆಲ್ಲಾ ಸೇರಿ 61 ಕೆ.ಜಿ. ಆಗುತ್ತೆ ಅಂತಿಟ್ಕೊಳ್ಳಿ. ಅದನ್ನ ಪೌಂಡ್ ಮಾಡಿದ್ರೆ 134. ಗಾಳಿ ಶಾಕಿಗೆ ಎಷ್ಟು ಪೌಂಡೋ ಅಷ್ಟು ಪಿಎಸ್‌ಐಯಿಂದ ಶುರು ಮಾಡೋದು ವಾಡಿಕೆ (ಪಿಎಸ್‌ಐ ಅಂದ್ರೆ ಗಾಳಿ ಒತ್ತಡದ ಅಳತೆ). ಅಲ್ಲಿಂದ ಮೇಲೆ ಕೆಳಗೆ ಮಾಡ್ತಾ ಸರಿಹೊಂದಿಸಬೇಕು. ಶಾಕ್ ಮೇಲೆ ಎರಡು ಅಂಕಿ ಬರೆದಿರುತ್ತೆ, 190×45 ಅನ್ನೋ ಥರ. ಎರಡನೇದು ಶಾಕಿನ ಸ್ಟ್ರೋಕ್, ಅಂದ್ರೆ ಅದು ಒಟ್ಟು ಎಷ್ಟು ಮಿ.ಮೀ. ತಗ್ಗಬಲ್ಲದು ಅನ್ನೋದು. 45ಕ್ಕೆ 30 ಪರ್ಸೆಂಟ್ ಅಂದ್ರೆ ಹದಿಮೂರೂವರೆ ಮಿ.ಮೀ. ಶಾಕಿನ ಕಡ್ಡಿ ಮೇಲೆ ರಬ್ಬರ್ ಉಂಗುರ ಇರುತ್ತೆ. ಶಾಕನ್ನ ಆಡದ ಹಾಗೆ ಬಿಗಿ ಮಾಡೋ ಲಾಕ್ ಲಿವರ್ ಪೂರ್ತಿ ಓಪನ್ ಮಾಡಿ, ಗೋಡೆಗೆ ಮೊಣಕೈ ಆನಿಸಿ ಹತ್ತಿ ಕೂತು, ನಾಲ್ಕೈದು ಸಲ ಕುಲುಕಿ, ಸುಮ್ಮನಾಗಿ. ಇನ್ನೊಬ್ಬರು ಉಂಗುರವನ್ನ ಸೀಲಿನ ತನಕ ತಳ್ಳಲಿ. ಆಮೇಲೆ ಕುಲುಕದೆ ಮೆಲ್ಲಗೆ ಇಳಿದು ಸ್ಕೇಲ್ ಇಟ್ಟು ಅಳೀರಿ.

ಇದಕ್ಕೆ ಶಾಕ್ ಪಂಪೇ ಬೇಕು. ಟೈರ್ ಪಂಪು, ಪೆಟ್ರೋಲ್ ಬಂಕಿನ ಗಾಳಿ ಎರಡೂ ಬೇಡ. ಗಾಳಿ ಹೆಚ್ಚು ಕಮ್ಮಿ ಮಾಡಿದ ಪ್ರತಿ ಸಲ ಸೀಟು ಒತ್ತಿ ಹತ್ತು ಸಲ ನಿಧಾನ ಆಡಿಸಿ ಮತ್ತೆ ಮೀಟರ್ ನೋಡಿ, ಇಲ್ಲಾಂದ್ರೆ ಒಳಗಿನ ಎರಡು ಅರೆಗಳಲ್ಲಿ ಗಾಳಿ ಸಮ ಆಗಲ್ಲ. ಪಂಪ್ ಬಿಚ್ಚುವಾಗ ಉಸ್ಸ್ ಅನ್ನೋದು ಪೈಪಿನ ಗಾಳಿ, ಶಾಕಿನದಲ್ಲ. ಅದಕ್ಕೆ ಹೆದರಬೇಡಿ.

ಹಾರ್ಡ್‌ಟೇಲ್_ಸಾಕು

ಮೇಡಂ, ಬೇಜಾರು ಮಾಡ್ಕೋಬೇಡಿ, ನನ್ನದು ಬೇರೆ ಪ್ರಶ್ನೆ. ಈಗಿರೋ ಸೈಕಲ್ಲಿನ ಟೈರಿಗೆ ಎಷ್ಟು ಗಾಳಿ ಹಾಕ್ತೀರಿ? ಟೈರ್ ಅಗಲ ಎಷ್ಟು?

ಲಿಂಗಾಂಬುಧಿ_ಸವಾರಿ

2.25 ಇಂಚು. ಒಳಗೆ ಟ್ಯೂಬ್ ಇದೆ. ಪಂಕ್ಚರ್ ಅಂಗಡಿಯಲ್ಲಿ 45 ಹಾಕಿಸ್ತೀನಿ, ಎರಡಕ್ಕೂ.

ಹಾರ್ಡ್‌ಟೇಲ್_ಸಾಕು

ನಿಮ್ಮ ನೋವಿನಲ್ಲಿ ಒಂದು ಪಾಲು ಅಲ್ಲೇ ಇದೆ. 58 ಕೆ.ಜಿ. ತೂಕಕ್ಕೆ 2.25 ಟೈರಿನಲ್ಲಿ 45 ಅಂದ್ರೆ ಕಲ್ಲಿನ ಮೇಲೆ ಕಬ್ಬಿಣದ ಗಾಲಿ ಉರುಳಿಸಿದ ಹಾಗೆ. ಮುಂದೆ 26, ಹಿಂದೆ 29 ಮಾಡಿ ನೋಡಿ. ಟ್ಯೂಬ್ ಇರೋದ್ರಿಂದ ಅದಕ್ಕಿಂತ ಬಹಳ ಇಳಿಸಬೇಡಿ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತೆ.

ನಾನು ಫುಲ್ ಸಸ್ಪೆನ್ಶನ್ ವಿರೋಧಿ ಅಲ್ಲ. ಆದರೆ ಹೊಸ ಸೈಕಲ್ ಪರೀಕ್ಷೆ ಮಾಡುವಾಗ ಹಳೇದನ್ನೂ ಸರಿಮಾಡಿಕೊಂಡು ಅದೇ ದಾರೀಲಿ ಓಡಿಸಬೇಕು. ಅಂಗಡಿಯಲ್ಲಿ ನಿಂತಿರೋ ಹೊಸ ಸೈಕಲ್ಲಿಗೆ 2.4 ಟೈರು, ಟ್ಯೂಬ್‌ಲೆಸ್ಸು, 25 ಪಿಎಸ್‌ಐ. ನಿಮ್ಮದಕ್ಕೆ 45. ಇವೆರಡನ್ನ ಹೋಲಿಸಿದ್ರೆ ಹಿಂದಿನ ಶಾಕು ಮಾಡಿದ ಕೆಲಸ ಯಾವುದು, ಟೈರು ಮಾಡಿದ ಕೆಲಸ ಯಾವುದು ಅಂತ ಹೇಗೆ ಗೊತ್ತಾಗಬೇಕು? ಲಕ್ಷದ ಪ್ರಶ್ನೆ ಇದು. ಇನ್ನೊಂದು ಮಾತು: ಹೆಚ್ಚು ತಿರುಗೋ ಭಾಗ ಅಂದ್ರೆ ಹೆಚ್ಚು ಖರ್ಚು, ಹೆಚ್ಚು ತೂಕ. ಈ ದರ್ಜೆಯ ಸೈಕಲ್ 14–15 ಕೆ.ಜಿ. ತೂಗುತ್ತೆ. ಬೆಟ್ಟ ಹತ್ತುವಾಗ ಅದನ್ನೂ ನೀವೇ ಹತ್ತಿಸಬೇಕು, ಸೀಟಿನ ಕೆಳಗೆ ಶಕ್ತಿ ಕುಲುಕಿ ಕುಲುಕಿ ಹೋಗುತ್ತೆ.

ಬೆಟ್ಟದ_ಬುಡ

ಟೈರ್ ಗಾಳಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಕುಲುಕಿ ಶಕ್ತಿ ಹೋಗುತ್ತೆ ಅನ್ನೋದು ಮಾತ್ರ ಹಳೇ ಕಾಲದ ಮಾತಾಯ್ತು ಸಾರ್. 2016ರ ರಿಯೊ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ರೇಸಿನಲ್ಲಿ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಚಿನ್ನ ಗೆದ್ದದ್ದು ಫುಲ್ ಸಸ್ಪೆನ್ಶನ್ ಮೇಲೆ. ಒಂದೊಂದು ಸೆಕೆಂಡಿಗೂ ಲೆಕ್ಕ ಇಡೋ ಆಟದಲ್ಲಿ ಅದು ನಷ್ಟ ಅನ್ನೋ ಹಾಗಿದ್ರೆ ಅವರು ಹತ್ತುತ್ತಲೇ ಇರಲಿಲ್ಲ. ಪಿವಟ್ (ಫ್ರೇಮಿನ ಹಿಂದಿನ ಭಾಗ ಆಡೋ ಕೀಲು) ಎಲ್ಲಿ ಕೂರಿಸ್ತಾರೆ ಅನ್ನೋದರ ಮೇಲೆ ಚೈನಿನ ಎಳೆತವೇ ಶಾಕನ್ನ ಹಿಡಿದಿಡೋ ಹಾಗೆ ಮಾಡ್ತಾರೆ. ಒಂದು ಮಾಡೆಲ್‌ನಲ್ಲಿ ಅದು ಚೆನ್ನಾಗಿರುತ್ತೆ, ಇನ್ನೊಂದರಲ್ಲಿ ಇರಲ್ಲ. ಅದಕ್ಕೇ ಪರೀಕ್ಷೆ ಬೇಕು ಅನ್ನೋದು.

ಎಲ್ಲಿಗೆ ಒಯ್ಯಬೇಕು ಅಂದ್ರಲ್ಲ ಮೇಡಂ. ನಿಮ್ಮ ಭಾನುವಾರದ ದಾರಿಗೇ ಒಯ್ಯಿರಿ. ಹೊಸ ಜಾಗಕ್ಕೆ ಹೋದ್ರೆ ಕಣ್ಣೆಲ್ಲಾ ದಾರಿ ಮೇಲಿರುತ್ತೆ, ಸೈಕಲ್ ಏನು ಹೇಳ್ತಿದೆ ಅಂತ ಕೇಳಿಸಲ್ಲ. ಯಾವ ಕಲ್ಲು ಎಲ್ಲಿದೆ ಅಂತ ನಿಮಗೆ ಬಾಯಿಪಾಠ ಇರೋ ಮೂರು ನಾಲ್ಕು ಕಿ.ಮೀ. ಸಾಕು, ಅದನ್ನೇ ಮತ್ತೆ ಮತ್ತೆ ಸುತ್ತಿ. ಆ ಸುತ್ತಿನಲ್ಲಿ ಒಂದು ಕಡಿದಾದ ಏರು, ಒಂದು ಕಲ್ಲಿನ ಇಳಿಜಾರು, ಒಂದು ಬಿಗಿ ತಿರುವು, ಸ್ವಲ್ಪ ಟಾರು ಇರಲಿ. ಚಾಮುಂಡಿ ಬೆಟ್ಟದ ಕಾಡೊಳಗಿನ ಕಾಲುದಾರಿಗೆ ಮಾತ್ರ ಸೈಕಲ್ ಇಳಿಸಬೇಡಿ. ಅದು ಮೀಸಲು ಅರಣ್ಯ, ಅಲ್ಲಿ ಸವಾರಿ ಮಾಡಿದ್ರೆ ಮಣ್ಣು ಕಿತ್ತು ಮಳೆ ನೀರಿಗೆ ದಾರಿ ಆಗುತ್ತೆ. ನಮ್ಮ ಬೆಟ್ಟ ಅದು.

ಏರಿನಲ್ಲಿ ಲಾಕ್ ಲಿವರ್ ಮುಟ್ಟದೇ ಒಂದು ಸಲ ಕೂತು ತುಳೀರಿ, ಒಂದು ಸಲ ನಿಂತು ತುಳೀರಿ. ಹಿಂದಿನ ಚಕ್ರ ಸಡಿಲ ಜಲ್ಲಿ ಮೇಲೆ ಕಚ್ಚಿ ಹಿಡಿಯುತ್ತಾ, ಮುಂದಿನ ಚಕ್ರ ಹಗುರಾಗಿ ಆ ಕಡೆ ಈ ಕಡೆ ಅಲೆಯುತ್ತಾ ನೋಡಿ. ಅಲೆದರೆ ಸೈಜ್ ದೊಡ್ಡದಿರಬಹುದು, ಇಲ್ಲ ಸೀಟು ತೀರಾ ಹಿಂದಿರಬಹುದು. ಇಳಿಜಾರಲ್ಲಿ ಸೀಟು ಪೂರ್ತಿ ಇಳಿಸಿ, ಅದಕ್ಕೆ ಡ್ರಾಪರ್ ಇರುತ್ತೆ, ಹ್ಯಾಂಡಲ್ ಮೇಲೆ ಒಂದು ಚಿಕ್ಕ ಲಿವರ್. ಅದನ್ನ ಅಂಗಡಿ ಹತ್ತಿರವೇ ಹತ್ತು ಸಲ ಒತ್ತಿ ರೂಢಿ ಮಾಡ್ಕೊಳ್ಳಿ. ಇನ್ನು ಬ್ರೇಕು. ನಮ್ಮಲ್ಲಿ ಬಲಗೈ ಲಿವರ್ ಸಾಮಾನ್ಯವಾಗಿ ಮುಂದಿನ ಬ್ರೇಕು, ಆದರೆ ಕೆಲವು ಸೈಕಲ್ ತಿರುವುಮುರುವಾಗಿ ಬರುತ್ತೆ. ಹತ್ತೋ ಮುಂಚೆ ಒಂದೊಂದೇ ಹಿಡಿದು ಯಾವ ಚಕ್ರ ನಿಲ್ಲುತ್ತೆ ನೋಡಿ. ಹೊಸ ಡಿಸ್ಕ್ ಬ್ರೇಕ್ ಮೊದಲು ಹಿಡಿಯೋದೇ ಇಲ್ಲ, ಸಮತಟ್ಟು ರಸ್ತೇಲಿ ಇಪ್ಪತ್ತು ಸಲ ವೇಗ ಇಳಿಸಿ ಪ್ಯಾಡ್ ಕೂರಿಸಿಕೊಂಡ ಮೇಲೆ ಇಳಿಜಾರಿಗೆ ಹೋಗಿ.

ನಾಲೆ_ಏರಿ

ಅಕ್ಕ, ನಾನ್ ಮಂಡ್ಯದೋನು. ನಂಗಾಗಿದ್ದು ನಿಮ್ಗಾಗ್ಬಾರ್ದು ಅಂತ ಬರೀತಾ ಇವ್ನಿ.

ನಾನು ಹೊಸದ್ ತಗೊಳ್ಳಾಕೆ ದುಡ್ಡಿಲ್ದೆ ಸೆಕೆಂಡ್‌ಹ್ಯಾಂಡ್ ತಗಂಡೆ. ಬೆಂಗ್ಳೂರಲ್ಲಿ ಒಬ್ರು ಮಾರ್ತಿದ್ರು. ನಾನ್ ಓಗೋ ಒತ್ಗೆ ಕತ್ಲಾಗಿತ್ತು. ಅವ್ರ ಅಪಾರ್ಟ್‌ಮೆಂಟ್ ಕೆಳ್ಗಡೆ ಕಾರ್ ನಿಲ್ಸೋ ಜಾಗ್ದಲ್ಲೇ ಓಡ್ಸ್ದೆ, ನುಣ್ಣುಗೆ ಸಿಮೆಂಟ್ ನೆಲ. ಏನ್ ಗೊತ್ತಾಯ್ತದೆ? ಬೆಣ್ಣೆ ಅಂಗಿತ್ತು. ಊರ್ಗೆ ತಂದು ಮಾರ್ನೇ ದಿನ ಗದ್ದೆ ಬದಿ ದಾರೀಲಿ ಓದ್ರೆ ಪ್ರತಿ ಗುಂಡೀಗೂ ಟಕ್ ಟಕ್ ಟಕ್. ಪಿವಟ್ ಬೇರಿಂಗ್ ನಾಕೂ ಓಗಿತ್ತು, ಒಂದ್ರ ಬೋಲ್ಟ್ ಫ್ರೇಮ್ನೇ ತಿಂದಿತ್ತು. ಶಾಕ್ ಕಡ್ಡಿ ಮ್ಯಾಲೆ ಉಗ್ರಲ್ಲಿ ಗೀರ್ದಂಗೆ ಒಂದ್ ಗೆರೆ, ಅಲ್ಲಿಂದ ಎಣ್ಣೆ ಜಿನುಗ್ತಿತ್ತು. ಫೋನ್ ಮಾಡುದ್ರೆ ತೆಗೀಲಿಲ್ಲ. ಫ್ರೇಮ್ ವಾರಂಟಿ ಮೊದ್ಲು ತಗಂಡೋರ್ಗೆ ಮಾತ್ರ ಅಂತ ಬಿಲ್ಲಲ್ಲೇ ಐತೆ. ಒಂದ್ ಬೆಳೆ ದುಡ್ಡು ಅಂಗೇ ಓಯ್ತು ಅಂತ ನಮ್ಮವ್ವ ಎಷ್ಟ್ ನೊಂದ್ಕಂಡ್ಳು ಅಂದ್ರೆ ಈಗ್ಲೂ ನಂಗೆ ಸಂಕಟ ಆಯ್ತದೆ.

ಅದ್ಕೇ ಯೋಳ್ತೀನಿ, ಬೆಳಕಲ್ಲಿ ನೋಡಿ, ಗುಂಡೀಲಿ ಓಡ್ಸಿ. ಅರ್ಧ ದಿನ ಕೊಡ್ತೀವಿ ಅಂದವ್ರಲ್ಲ, ಬುಡ್ಬೇಡಿ. ಇನ್ನೊಂದ್ ಮಾತು, ಮಂಡ್ಯ ಕಡೆ ಯಾರಾನ ಇದ್ನ ಓದ್ತಿದ್ರೆ: ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮ್ಯಾಲೆ ಗೊತ್ತಿಲ್ದಿರೋ ಸೈಕಲ್ ತಗಂಡು ವೇಗ್ವಾಗಿ ಓಗ್ಬೇಡಿ. ತಡೆಗೋಡೆ ಇಲ್ದಿರೋ ಕಡೆ ಬೋ ಐತೆ. 2018ರ ನವೆಂಬರಲ್ಲಿ ಕನಗನಮರಡಿ ತಾವ ಬಸ್ಸು ನಾಲೆಗೆ ಬಿದ್ದು 30 ಜನ ಓದ್ರು, ನಾವ್ಯಾರೂ ಮರ್ತಿಲ್ಲ. ಬ್ರೇಕ್ ಎಂಗೆ ಇಡಿತದೆ ಅಂತ ಗೊತ್ತಾಗೋ ತನ್ಕ ನೀರಿನ್ ಪಕ್ಕ ಬ್ಯಾಡ. ಗದ್ದೆ ನಡುವ್ಲ ಗಾಡಿ ದಾರೀನೇ ಸಾಕು, ಕಬ್ಬಿನ ಟ್ರ್ಯಾಕ್ಟ್ರು ಓಡಾಡಿ ಕೊರ್ದಿರೋ ಜಾಡು ಎಂಥ ಸೈಕಲ್ಲಿಗೂ ಪರೀಕ್ಸೆ ಮಾಡ್ತದೆ.

ಸ್ಪ್ಯಾನರ್_ಕೈ

ಅಣ್ಣ, ನಿಮ್ಮ ಥರದ ಸೈಕಲ್ ವರ್ಷಕ್ಕೆ ನಾಲ್ಕೈದಾದ್ರೂ ನನ್ನ ಹತ್ರ ಬರುತ್ತೆ, ಬೇಜಾರಾಗುತ್ತೆ. ಬೇರಿಂಗ್ ನೋಡೋ ರೀತಿ ಹೇಳ್ತೀನಿ, ಹೊಸದಕ್ಕೂ ಹಳೇದಕ್ಕೂ ಒಂದೇ.

ಸೀಟಿನ ಕೆಳಗಿನ ಫ್ರೇಮ್ ಪೈಪ್ ಹಿಡಿದು, ಹಿಂದಿನ ಚಕ್ರ ನೆಲ ಬಿಟ್ಟೂ ಬಿಡದ ಹಾಗೆ ಮೆಲ್ಲಗೆ ಎತ್ತಿ, ಇಳಿಸಿ. ಸೀಟನ್ನೇ ಹಿಡಿದು ಎತ್ತಬೇಡಿ, ಡ್ರಾಪರ್ ಕಂಬಕ್ಕೆ ಅದರದೇ ಚೂರು ಆಟ ಇರುತ್ತೆ, ಮೋಸ ಹೋಗ್ತೀರಿ. ಎತ್ತಿದ ಕ್ಷಣ ಚಕ್ರ ಏಳೋ ಮುಂಚೆ ಟಕ್ ಅಂದ್ರೆ ಪಿವಟ್ಟೋ ಶಾಕಿನ ಬುಶ್ಶೋ ಸವೆದಿದೆ. ಯಾವುದು ಅಂತ ತಿಳೀಬೇಕಾದ್ರೆ ಇನ್ನೊಂದು ಕೈ ಬೆರಳನ್ನ ಒಂದೊಂದೇ ಕೀಲಿನ ಮೇಲಿಟ್ಟು ಮತ್ತೆ ಎತ್ತಿ, ಬೆರಳ ತುದಿಗೇ ತಟ್ಟುತ್ತೆ. ಆಮೇಲೆ ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಶಾಕಿನ, ಫೋರ್ಕಿನ ಕಡ್ಡಿ ಮೇಲೆ ಉಗುರು ಓಡಿಸಿ. ಉಗುರು ಸಿಕ್ಕಿಕೊಳ್ಳೋ ಗೀರು ಇದ್ರೆ ಕೈಮುಗಿದು ಬಂದುಬಿಡಿ.

ಓದೋ_ಹುಡುಗ

ಅಣ್ಣ, ನಡುವೆ ಬಂದಿದ್ದಕ್ಕೆ ಕ್ಷಮಿಸಿ. 18 ಸಾವಿರಕ್ಕೆ ಡಬಲ್ ಶಾಕ್ ಸೈಕಲ್ ಸಿಗ್ತಿದೆ. ಡಿಸ್ಕ್ ಬ್ರೇಕೂ ಇದೆ. ಅದೂ ಇದೇ ಅಲ್ವಾ? ಅಪ್ಪನನ್ನ ಒಪ್ಪಿಸಿದೀನಿ.

ಸ್ಪ್ಯಾನರ್_ಕೈ

ಅಲ್ಲಪ್ಪ. ಅದರಲ್ಲಿ ಇರೋದು ಬರೀ ಸ್ಪ್ರಿಂಗು. ಅದುಮಿದ ಸ್ಪ್ರಿಂಗ್ ವಾಪಸ್ ಬರೋದನ್ನ ತಡೆಯೋಕೆ ಒಳಗೆ ಎಣ್ಣೆ, ಕವಾಟ ಇರಬೇಕು, ಅದಿಲ್ಲ. ಗುಂಡಿಗೆ ಬಿದ್ದ ಮೇಲೆ ನಿನ್ನನ್ನ ಮೇಲಕ್ಕೆ ಎಸೆಯುತ್ತೆ. ಕೀಲಿಗೆ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಶ್ಶು. ವರ್ಷದೊಳಗೆ ಹಿಂದಿನ ಭಾಗ ಬಾಲದ ಥರ ಆಡುತ್ತೆ, ಅದಕ್ಕೆ ಬಿಡಿಭಾಗವೂ ಸಿಗಲ್ಲ. ಅದೇ ದುಡ್ಡಿಗೆ ಹಿಂದೆ ಶಾಕ್ ಇಲ್ಲದ, ಒಳ್ಳೆ ಬ್ರೇಕ್ ಇರೋ ಸೈಕಲ್ ತಗೊ. ಅಪ್ಪನನ್ನೂ ಕರ್ಕೊಂಡು ಬಾ, ಕೂತು ಮಾತಾಡೋಣ.

ಹಾರ್ಡ್‌ಟೇಲ್_ಸಾಕು

ಈ ಹುಡುಗನಿಗೆ ಹೇಳಿದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಬೆಲೆ ವಿಷಯ ಬಂದದ್ದರಿಂದ ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಲಕ್ಷದ ಮೇಲಿನ ಸೈಕಲ್ಲಿಗೆ ಅದು ಸಾವಿರಗಟ್ಟಲೆ. ಹಳೇ ಬೆಲೆ ಚೀಟಿ ಅಂಟಿಸಿದ್ರೆ ಕೇಳಿ.

ಲಿಂಗಾಂಬುಧಿ_ಸವಾರಿ

ಶನಿವಾರ ಮುಗೀತು. ಕೈಕಾಲೆಲ್ಲಾ ಕೆಮ್ಮಣ್ಣು, ಸ್ನಾನಕ್ಕೂ ಮುಂಚೆ ಬರೀತಿದೀನಿ, ಮರೆತುಹೋಗಬಾರದು ಅಂತ.

ಮೊದಲು ಅಂಗಡಿ. ಸ್ಯಾಗ್ ಅಂದ ಕೂಡಲೆ ‘ಅದೆಲ್ಲಾ ಆಮೇಲೆ, ತಗೊಂಡ ಮೇಲೆ ಮಾಡಿಕೊಡ್ತೀವಿ’ ಅಂದ್ರು. ನಾನು ಬಿಡಲಿಲ್ಲ. ಒಳಗಿಂದ ಒಬ್ಬ ಮೆಕ್ಯಾನಿಕ್ ಹುಡುಗ ಬಂದು ಪಂಪ್ ಸಿಕ್ಕಿಸಿದ. ಮುಳ್ಳು ಎಲ್ಲಿ ನಿಂತಿತು ಗೊತ್ತಾ? 185. ಶಾಕ್ ಮೇಲೆ 190×45 ಅಂತಲೇ ಇತ್ತು. ಆ ಗಾಳಿಯಲ್ಲಿ ಹತ್ತಿ ಕೂತು ಉಂಗುರ ಅಳೆದ್ರೆ ಬರೀ 7 ಮಿ.ಮೀ. ಹದಿಮೂರೂವರೆ ಬರಬೇಕಾದ ಕಡೆ ಏಳು! 134ಕ್ಕೆ ಇಳಿಸಿದ್ವಿ, ಹನ್ನೆರಡು ಬಂತು. 130 ಮಾಡಿದ್ವಿ, ಹದಿಮೂರು. ಅಲ್ಲಿಗೇ ನಿಲ್ಲಿಸಿದೆ. ಆ ಹುಡುಗನೇ ಕೆಂಪು ಗುಂಡಿ ತಿರುಗಿಸಿ, ಆಮೆ ಚಿತ್ರ ಇರೋ ಕಡೆ ತಿರುಗಿಸಿದ್ರೆ ಶಾಕ್ ನಿಧಾನ ಏಳುತ್ತೆ, ಮೊಲದ ಕಡೆ ಬೇಗ ಅಂತ ತೋರಿಸಿದ. ಫುಟ್‌ಪಾತಿನ ಅಂಚಿಂದ ಕೂತೇ ಇಳಿದೆ. ಮೊದಲ ಸಲ ಮೂರು ಸಲ ಕುಲುಕಿತು. ಎರಡು ಕ್ಲಿಕ್ ಆಮೆ ಕಡೆ ತಿರುಗಿಸಿದ ಮೇಲೆ ಒಂದೇ ಸಲ ಎದ್ದು ಸುಮ್ಮನಾಯ್ತು. ಹಂಪ್ ಮೇಲೆ ಹೋದೆ. ಹಂಪ್ ಇದೆ ಅಂತ ಕಣ್ಣಿಗೆ ಕಂಡದ್ದು ಬಿಟ್ಟರೆ ಸೊಂಟಕ್ಕೆ ತಿಳೀಲಿಲ್ಲ. ಕಳೆದ ವಾರ ಇದೇ ಸೈಕಲ್, ಇದೇ ಹಂಪ್. ಪಂಪ್ ಕೇಳದೇ ಇದ್ದಿದ್ರೆ ಇದು ಉಪಯೋಗ ಇಲ್ಲ ಅಂತ ಮನೆಗೆ ಬರ್ತಿದ್ದೆ. ಅಷ್ಟು ದುಡ್ಡಿನ ವಸ್ತು ಮಾರೋರು ಹತ್ತು ನಿಮಿಷದ ಈ ಕೆಲಸ ತಾವಾಗೇ ಮಾಡಬೇಡವಾ?

ಆಮೇಲೆ ನನ್ನ ಸುತ್ತು, ಸುಮಾರು ನಾಲ್ಕು ಕಿ.ಮೀ. ಎರಡೂ ಸೈಕಲ್ ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಹೋದೆ. ರಾತ್ರಿ ಮಳೆ ಬಂದಿತ್ತು, ಕೆರೆ ಕೋಡಿ ಹತ್ತಿರ ಕೆಸರು. ಹೋಲಿಸೋದು ಹೇಗೆ ಅಂತ ಯೋಚನೆ ಮಾಡಿ, ಕಲ್ಲಿಗೆ ಹೆದರಿ ಸೀಟಿನಿಂದ ಎಷ್ಟು ಸಲ ಎದ್ದೆ ಅಂತ ಎಣಿಸಿದೆ. ಹಳೇ ಸೈಕಲ್, 45 ಪಿಎಸ್‌ಐ: 31 ಸಲ. ಹಳೇ ಸೈಕಲ್ಲೇ, 26 ಮತ್ತು 29: 22 ಸಲ. ಹಾರ್ಡ್‌ಟೇಲ್_ಸಾಕು ಅವರೇ, ನಿಮಗೆ ದೊಡ್ಡ ನಮಸ್ಕಾರ. ಆರು ವರ್ಷ ಸುಮ್ಮನೆ ನೋವು ತಿಂದೆ. ಹೊಸ ಸೈಕಲ್: 9 ಸಲ.

ಗೋಮಾಳದಲ್ಲಿ ಒಂದು ಜಾಗ ಇದೆ, ಆನೆ ಬೆನ್ನಿನ ಥರ ಬಂಡೆ ನೆಲದಿಂದ ಎದ್ದು ಮೂರು ಮೆಟ್ಟಿಲಾಗಿ ಕೆಳಗಿಳಿಯುತ್ತೆ. ಯಾವಾಗಲೂ ಇಳಿದು ತಳ್ಳಿಕೊಂಡು ಹೋಗ್ತಿದ್ದೆ. ಇವತ್ತು ಸೀಟು ಇಳಿಸಿ, ಬ್ರೇಕ್ ಮೇಲೆ ಒಂದೇ ಬೆರಳಿಟ್ಟು ಬಿಟ್ಟೆ. ಮೊದಲ ಮೆಟ್ಟಿಲಿಗೆ ಮುಂದಿನ ಚಕ್ರ ಬಿತ್ತು, ಎರಡನೇದಕ್ಕೆ ಹಿಂದಿನದು ತಾನಾಗೇ ಮಡಚಿಕೊಂಡು ಬಂತು, ಮೂರನೇದು ಗೊತ್ತೇ ಆಗಲಿಲ್ಲ. ಕೆಳಗೆ ಬಂದು ನಿಂತಾಗ ಕುರಿ ಮೇಯಿಸ್ತಿದ್ದ ಅಜ್ಜ ‘ಇನ್ನೊಂದ್ ಕಿತ ಮಾಡವ್ವ, ಸರ್ಯಾಗ್ ಕಾಣ್ಲಿಲ್ಲ’ ಅಂದ್ರು. ಮಾಡಿದೆ!

ಸರಿ ಬರದ ಎರಡು ವಿಷಯ. ಒಂದು, ಕಲ್ಲಿನ ಏರಿನಲ್ಲಿ ಎಡ ಪೆಡಲ್ ಎರಡು ಸಲ ಕಲ್ಲಿಗೆ ಹೊಡೀತು. ಒಂದು ಸಲ ಬಿದ್ದೇಬಿಡ್ತಿದ್ದೆ. ಎರಡು, ಅವರ ಹತ್ರ ಇದ್ದದ್ದು ಎಂ ಸೈಜ್ ಮಾತ್ರ. ಬಿಗಿ ತಿರುವಲ್ಲಿ ನನ್ನ ಕೈ ಪೂರ್ತಿ ಚಾಚಿಕೊಳ್ಳುತ್ತೆ, ಕಡಿದಾದ ಏರಲ್ಲಿ ಮುಂದಿನ ಚಕ್ರ ಅಲೀತು. ವಾಪಸ್ ಕೊಡುವಾಗ ಹೇಳಿದ್ರೆ ‘ಚಿಕ್ಕ ಸ್ಟೆಮ್ ಹಾಕ್ಕೊಡ್ತೀವಿ, ಸರಿ ಹೋಗುತ್ತೆ’ ಅಂದ್ರು. ಸ್ಟೆಮ್ ಅಂದ್ರೆ ಹ್ಯಾಂಡಲ್ಲನ್ನ ಫೋರ್ಕಿಗೆ ಹಿಡಿಸೋ ತುಂಡು. ಸರಿ ಹೋಗುತ್ತಾ?

ಬೆಟ್ಟದ_ಬುಡ

ನಿಮ್ಮ ಬರಹ ಓದಿ ನಾನೇ ಆ ಬಂಡೆ ಇಳಿದಷ್ಟು ಖುಷಿ ಆಯ್ತು.

ಸರಿ ಹೋಗಲ್ಲ ಮೇಡಂ. ಈಗಿನ ಟ್ರೈಲ್ ಸೈಕಲ್ಲಿಗೆ ಸ್ಟೆಮ್ ಮೊದಲೇ 40–50 ಮಿ.ಮೀ. ಇರುತ್ತೆ. ಅದನ್ನ ಇನ್ನೆಷ್ಟು ಮೊಟಕು ಮಾಡ್ತಾರೆ? ಹತ್ತು ಮಿ.ಮೀ. ಕಮ್ಮಿ ಆದ್ರೂ ಫ್ರೇಮಿನ ಉದ್ದ ಅಷ್ಟೇ ಇರುತ್ತೆ, ನೀವು ಸೀಟು ಬಿಟ್ಟು ಎದ್ದು ನಿಂತಾಗ ಎರಡು ಚಕ್ರದ ನಡುವೆ ಎಲ್ಲಿರ್ತೀರಿ ಅನ್ನೋದು ಬದಲಾಗಲ್ಲ. 160 ಸೆಂ.ಮೀ.ಗೆ ಎಸ್ ಸೈಜೇ ನೋಡಬೇಕು. ಕೈಲಿರೋ ಸ್ಟಾಕ್ ಖಾಲಿ ಮಾಡೋಕೆ ಎಂ ಹೊರಿಸ್ತಾರೆ, ಒಪ್ಪಬೇಡಿ. ಎಸ್ ತರಿಸಿ, ಅದನ್ನೂ ಇದೇ ಸುತ್ತಿನಲ್ಲಿ ಓಡಿಸಿದ ಮೇಲೇ ದುಡ್ಡು ಅಂತ ಹೇಳಿ. ಕೆಲವು ಕಂಪನಿಗಳು ಎಸ್ ಸೈಜಿಗೆ 29ರ ಬದಲು 27.5 ಚಕ್ರ ಹಾಕಿರ್ತಾರೆ, ಅದನ್ನೂ ಕೇಳಿಕೊಳ್ಳಿ. ಸೀಟು ಇಳಿಸಿ ಹಿಂದಕ್ಕೆ ಸರಿದಾಗ ಚಿಕ್ಕ ಚಕ್ರ ನಿಮ್ಮ ಎತ್ತರದವರಿಗೆ ಅನುಕೂಲವೇ.

ಪೆಡಲ್ ಹೊಡೆದದ್ದು ಸೈಕಲ್ ದೋಷ ಅಲ್ಲ. ಸ್ಯಾಗ್ ಸರಿ ಇದ್ದಾಗ ಇಡೀ ಸೈಕಲ್ ತಗ್ಗಿ ಕೂರುತ್ತೆ, ಕ್ರ್ಯಾಂಕು (ಪೆಡಲ್ ಕೂರೋ ತೋಳು) ನೆಲಕ್ಕೆ ಹತ್ತಿರ ಆಗುತ್ತೆ. ಕಲ್ಲಿನ ಏರಲ್ಲಿ ಶಾಕ್ ಲಿವರನ್ನ ನಡುವಿನ ಹಂತಕ್ಕೆ ಹಾಕಿ, ಸ್ವಲ್ಪ ಎತ್ತರ ನಿಲ್ಲುತ್ತೆ. ಕಲ್ಲು ಬಂದಾಗ ಪೂರ್ತಿ ಸುತ್ತು ತುಳೀದೆ ಅರ್ಧರ್ಧ ತುಳಿದು ದಾಟೋದನ್ನ ರೂಢಿ ಮಾಡ್ಕೊಳ್ಳಿ.

ಹಾರ್ಡ್‌ಟೇಲ್_ಸಾಕು

31ರಿಂದ 22 ಟೈರಿಂದ, 22ರಿಂದ 9 ಶಾಕಿಂದ. ಇಷ್ಟು ಪ್ರಾಮಾಣಿಕವಾಗಿ ಯಾರೂ ಹೋಲಿಸಿದ್ದು ನಾನು ನೋಡಿಲ್ಲ. ನಿಮ್ಮ ಸೊಂಟಕ್ಕೆ, ನಿಮ್ಮ ದಾರಿಗೆ ಇದು ಬೇಕು ಅಂತ ನನಗೂ ಅನ್ನಿಸ್ತು, ತಗೊಳ್ಳಿ. ಬೆಟ್ಟದ ಟಾರು ರಸ್ತೆಗೆ ಹಳೇದನ್ನ ಇಟ್ಕೊಳ್ಳಿ, ಮಾರಬೇಡಿ. ಅದಕ್ಕೂ 2.4 ಟೈರ್ ಹಿಡಿಸುತ್ತಾ ಅಂತ ಒಂದು ಸಲ ನೋಡಿಸಿ.

ನಾಲೆ_ಏರಿ

ಅಕ್ಕ, ಮನ್ಸು ತುಂಬ್ತು. ಎಸ್ ಬಂದ್ಮ್ಯಾಲೆ ಒಂದ್ ದಿನ ಪಾಂಡವಪುರದ ಕಡೆ ಬನ್ನಿ, ಕುಂತಿ ಬೆಟ್ಟದ ಸುತ್ತ ಅಳ್ಳಿ ದಾರೀಲಿ ಓಗವ. ಆಲೆಮನೆ ನಡೀತಾ ಇದ್ರೆ ಬಿಸಿ ಬೆಲ್ಲ ನಮ್ ಕಡೆಯಿಂದ.

ಲಿಂಗಾಂಬುಧಿ_ಸವಾರಿ

ಖಂಡಿತ ಬರ್ತೀನಿ ತಮ್ಮ. ಆ ಸೆಕೆಂಡ್‌ಹ್ಯಾಂಡ್ ಸೈಕಲ್ ಏನಾಯ್ತು ಈಗ? ಓಡ್ತಿದೆಯಾ?

ಅಂಗಡಿಯವರಿಗೆ ಫೋನ್ ಮಾಡಿದ್ದೆ. ಎಸ್ ಸೈಜ್ ಗುರುವಾರ ಬರುತ್ತಂತೆ, 29 ಚಕ್ರವೇ. ಶನಿವಾರ ಮತ್ತೆ ಅರ್ಧ ದಿನ ಕೇಳಿದೆ, ಒಪ್ಪಿದಾರೆ. ಈ ಸಲ ‘130 ಪಿಎಸ್‌ಐ ಹಾಕಿಡ್ತೀವಿ ಮೇಡಂ’ ಅಂತ ಆ ಹುಡುಗನೇ ಹೇಳಿದ. ಸ್ಪ್ಯಾನರ್_ಕೈ ಅವರೇ, ತಗೊಂಡ ಮೇಲೆ ನೋಡ್ಕೊಳ್ಳೋದು ಹೇಗೆ ಅಂತ ಒಂದೆರಡು ಮಾತು ಹೇಳ್ತೀರಾ?

ನಾಲೆ_ಏರಿ

ಬೇರಿಂಗ್ ಆಕ್ಸಿ, ಫ್ರೇಮ್ ತಿಂದಿದ್ ಕಡೆ ಲೇತ್‌ನೋರ್ ತಾವ ಬುಶ್ ಮಾಡ್ಸಿ ಓಡಿಸ್ತಾ ಇವ್ನಿ ಅಕ್ಕ. ಇಳಿಜಾರ್‌ಗೆ ಓಗಲ್ಲ ಅದ್ರಲ್ಲಿ. ಗದ್ದೆಗೆ ಓಗಿ ಬರಾಕೆ ಆಯ್ತದೆ.

ಸ್ಪ್ಯಾನರ್_ಕೈ

ಮೇಡಂ, ಮೊದಲ 100 ಕಿ.ಮೀ. ಆದ ಮೇಲೆ ಪಿವಟ್ ಬೋಲ್ಟ್‌ಗಳನ್ನ ಟಾರ್ಕ್ ವ್ರೆಂಚಿನಲ್ಲೇ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಬಿಗಿ ಮಾಡಿಸಿ, ಹೊಸದರಲ್ಲಿ ಸಡಿಲ ಆಗ್ತವೆ. ಎಷ್ಟು ಬಿಗಿ ಅಂತ ಬೋಲ್ಟ್ ತಲೆ ಮೇಲೋ ಪಕ್ಕದಲ್ಲೋ ಬರೆದಿರುತ್ತೆ, ಅದಕ್ಕಿಂತ ಒಂದು ಸುತ್ತೂ ಹೆಚ್ಚು ಬೇಡ. ಫೋರ್ಕಿನ ಕೆಳಕಾಲಿನ ಎಣ್ಣೆ, ಶಾಕಿನ ಗಾಳಿ ಡಬ್ಬಿ ಸುಮಾರು 50 ಗಂಟೆ ಸವಾರಿಗೆ ಒಂದು ಸಲ ಬಿಚ್ಚಿ ಸೀಲು ತೊಳೆದು ಎಣ್ಣೆ ಹಾಕಬೇಕು. ಕಂಪನಿ ಪುಸ್ತಕದಲ್ಲಿ ಬೇರೆ ಅಂಕಿ ಇದ್ರೆ ಅದನ್ನೇ ಪಾಲಿಸಿ. ಭಾನುವಾರ ಮೂರು ಗಂಟೆ ಅಂದ್ರೆ ನಿಮಗೆ ನಾಲ್ಕು ತಿಂಗಳಿಗೆ ಬರುತ್ತೆ. ಇದನ್ನ ನಾನು ಇಲ್ಲೇ ಮಾಡ್ತೀನಿ, ಡ್ಯಾಂಪರ್ (ಶಾಕಿನ ಎಣ್ಣೆ, ಕವಾಟ ಇರೋ ಭಾಗ) ಒಳಗಿನ ಕೆಲಸ ಇದ್ರೆ ಬೆಂಗಳೂರಿಗೆ ಕಳಿಸ್ತೀನಿ. ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸೋ ಭಾಗವನ್ನ ಫ್ರೇಮಿಗೆ ಹಿಡಿಸೋ ತುಂಡು) ಒಂದು ಹೆಚ್ಚಿಗೆ ಇವತ್ತೇ ತಗೊಂಡಿಡಿ, ಮಾಡೆಲ್ ನಿಂತ ಮೇಲೆ ಅದು ಸಿಗಲ್ಲ.

ಕೆಸರಾಯ್ತು ಅಂತ ವಾಟರ್ ಸರ್ವಿಸ್‌ಗೆ ಮಾತ್ರ ಒಯ್ಯಬೇಡಿ. ಕಾರು ತೊಳೆಯೋ ಆ ಪೈಪಿನ ರಭಸ ಬೇರಿಂಗ್ ಸೀಲು ದಾಟಿ ಒಳಗೆ ಹೋಗಿ ಗ್ರೀಸನ್ನೇ ತೊಳೆದುಬಿಡುತ್ತೆ. ಒಂದು ಬಕೆಟ್ ನೀರು, ಹಳೇ ಬಟ್ಟೆ, ಒಂದು ಬ್ರಷ್ ಸಾಕು. ಶನಿವಾರ ಎಸ್ ಸೈಜ್ ಓಡಿಸುವಾಗ ಉಂಗುರ ನೋಡೋದು ಮರೀಬೇಡಿ: ಆ ಮೂರು ಮೆಟ್ಟಿಲು ಇಳಿದ ಮೇಲೆ ಅದು ಕಡ್ಡಿಯ ಎಲ್ಲಿ ನಿಂತಿದೆ ಅಂತ ಫೋಟೊ ತೆಗೆದು ಹಾಕಿ. ತೀರಾ ತುದಿಗೆ ಬಂದಿದ್ರೆ ಐದು ಪಿಎಸ್‌ಐ ಹೆಚ್ಚಿಸೋಣ.